ತಗ್ಗಿನ ಕ್ರೂಸರ್‌ಗೆ ಜ್ಯಾಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು 2018ರ ನಂತರದ ಹಾರ್ಲೆ ಫ್ಯಾಟ್ ಬಾಯ್, ತಗ್ಗಾದ ಭಾರಿ ಕ್ರೂಸರ್ ಬೈಕ್. ಮನೆಯಲ್ಲೇ ಚಕ್ರ ಬಿಚ್ಚೋಣವೆಂದು 680 ಕೆ.ಜಿ. ಸಾಮರ್ಥ್ಯದ ಹೈಡ್ರಾಲಿಕ್ ಜ್ಯಾಕ್ ತಂದೆ. ಪೂರ್ತಿ ಇಳಿಸಿದರೂ ಅದರ ಎತ್ತರ 120 ಮಿ.ಮೀ.; ಗಾಡಿಯ ಕೆಳಗೆ ತೂರುತ್ತಲೇ ಇಲ್ಲ. ಬೇರೆ ಜ್ಯಾಕ್ ಕೊಳ್ಳಬೇಕೇ?
– ಬೆಂಗಳೂರಿನ ಓದುಗರು

ಉತ್ತರ: ಬೇಡ. ಜ್ಯಾಕ್ ತಗ್ಗಿಸುವ ಬದಲು ಗಾಡಿಯನ್ನೇ ಎತ್ತರಿಸಿ. ಫ್ಯಾಟ್ ಬಾಯ್‌ನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ) 115 ಮಿ.ಮೀ., ಅದೂ ಗಾಡಿ ನೆಟ್ಟಗಿದ್ದಾಗ. ಸೈಡ್ ಸ್ಟ್ಯಾಂಡಿನಲ್ಲಿ 12 ಡಿಗ್ರಿ ವಾಲಿದರೂ ಸಾಕು, ನಡುಗೆರೆಯಿಂದ 15 ಸೆಂ.ಮೀ. ಆಚೆಗಿರುವ ಫ್ರೇಮಿನ ಎಡಗಡೆಯ ಕೊಳವೆ ಸುಮಾರು 3 ಸೆಂ.ಮೀ. ಕೆಳಗಿಳಿಯುತ್ತದೆ.

18 ಮಿ.ಮೀ. ಪ್ಲೈವುಡ್ಡಿನ ಎರಡು ಪದರ ಅಂಟಿಸಿ, ಸ್ಕ್ರೂ ಬಿಗಿದು, 36 ಮಿ.ಮೀ. ದಪ್ಪದ ಹಲಗೆ ಮಾಡಿಕೊಳ್ಳಿ. ಹಿಂದಿನ ಟೈರ್ 240 ಮಿ.ಮೀ. ಅಗಲವಿರುವುದರಿಂದ ಹಲಗೆಯ ಅಗಲ 300, ಉದ್ದ 600 ಮಿ.ಮೀ. ಇರಲಿ. ಚಕ್ರಕ್ಕೊಂದರಂತೆ ಎರಡು ಬೇಕು. ಹತ್ತುವ ಅಂಚನ್ನು ಇಳಿಜಾರಾಗಿ ಕೆತ್ತಿಸಿ. ಸೈಡ್ ಸ್ಟ್ಯಾಂಡಿನ ಅಡಿಗೂ ಅಷ್ಟೇ ದಪ್ಪದ ತುಂಡು ಕಡ್ಡಾಯ. ಅದನ್ನು ಮರೆತರೆ ಗಾಡಿ ಇನ್ನಷ್ಟು ಎಡಕ್ಕೆ ವಾಲಿ, ಹಲಗೆಯಿಂದ ಸಿಕ್ಕ ಎತ್ತರ ಅಲ್ಲೇ ಕರಗುತ್ತದೆ. ಈಗ ನೆಟ್ಟಗಿನ ಗಾಡಿಯ ಕೆಳಗೆ 151 ಮಿ.ಮೀ. ಸಿಗುತ್ತದೆ. ಜ್ಯಾಕ್ ಮೇಲೆ 10 ಮಿ.ಮೀ. ರಬ್ಬರ್ ಹಾಸಿದರೂ 21 ಮಿ.ಮೀ. ಉಳಿಯುತ್ತದೆ.

317 ಕೆ.ಜಿ. ಗಾಡಿ ಇದು, ಒಬ್ಬರೇ ಕೈ ಹಾಕಬೇಡಿ. ಒಬ್ಬರು ಎಡಗಡೆ ನಿಂತು ನೆಟ್ಟಗೆ ಹಿಡಿಯಲಿ, ಇನ್ನೊಬ್ಬರು ಬಲಗಡೆಯಿಂದ ಜ್ಯಾಕ್ ತೂರಿಸಲಿ. ಸೈಲೆನ್ಸರ್ ಪೂರ್ತಿ ತಣ್ಣಗಾಗಿರಬೇಕು. ಭಾರ ಬೀಳಬೇಕಾದ್ದು ಫ್ರೇಮಿನ ಎರಡು ಕೆಳಕೊಳವೆಗಳ ಮೇಲೆ ಮಾತ್ರ. ಆಯಿಲ್ ಫಿಲ್ಟರ್, ಸೈಲೆನ್ಸರ್ ಪೈಪ್ ಯಾವುದಕ್ಕೂ ಜ್ಯಾಕ್ ತಾಗಕೂಡದು.

ಬಹಳ ಜನ ಎಡವುವುದು ಮುಂದಿನ ಹಂತದಲ್ಲಿ. ಈ ಬಗೆಯ ಜ್ಯಾಕಿನ ತೋಳುಗಳು ಕಮಾನಿನಂತೆ ತಿರುಗುತ್ತ ಏಳುವುದರಿಂದ ಅದರ ತಲೆ ಮೇಲೇರುತ್ತಲೇ ಪಕ್ಕಕ್ಕೂ ಸರಿಯುತ್ತದೆ. ಜ್ಯಾಕಿನ ಗಾಲಿಗಳು ಉರುಳಿದರೆ ಆ ಸರಿತವನ್ನು ಅವೇ ನುಂಗುತ್ತವೆ. ಲಾಕ್ ಆಗಿದ್ದರೆ ಗಾಡಿಯನ್ನೇ ಅಡ್ಡಕ್ಕೆ ನೂಕುತ್ತವೆ. ಅಪಾರ್ಟ್‌ಮೆಂಟಿನ ಇಂಟರ್‌ಲಾಕ್ ಕಲ್ಲಿನ ಸಂದಿಗೆ ಗಾಲಿ ಸಿಕ್ಕಿಕೊಂಡರೂ ಇದೇ ಗತಿ. ಅಂಥ ನೆಲಕ್ಕೆ 12 ಮಿ.ಮೀ. ಪ್ಲೈವುಡ್ ಹಾಸಿ, ಚಕ್ರದ ಹಲಗೆಗಳನ್ನೂ ಅಷ್ಟೇ ಎತ್ತರಿಸಿ. ಎರಡೂ ಚಕ್ರ ಹಲಗೆ ಬಿಟ್ಟ ಮೇಲೆಯೇ ಗಾಲಿ ಲಾಕ್ ಮಾಡಿ.

ಮೊದಲು 2–3 ಸೆಂ.ಮೀ. ಮಾತ್ರ ಎತ್ತಿ ನೋಡಿ. ಮುಂದಿನ ಚಕ್ರ ಮೊದಲು ಎದ್ದರೆ ಜ್ಯಾಕ್ ಹೆಚ್ಚು ಮುಂದಿದೆ. ಇಳಿಸಿ, ಒಂದಿಷ್ಟು ಹಿಂದಕ್ಕೆ ಸರಿಸಿ. ಹಿಂದಿನದು ಮೊದಲು ಎದ್ದರೆ ಮುಂದಕ್ಕೆ. ಸಮತೋಲ ಸಿಕ್ಕಿದ ಮೇಲೆ ಎರಡೂ ಬದಿಗೆ ರ‍್ಯಾಚೆಟ್ ಬೆಲ್ಟಿನಿಂದ ಗಾಡಿಯನ್ನು ಜ್ಯಾಕಿಗೆ ಬಿಗಿದು, ಬೇಕಾದ ಎತ್ತರಕ್ಕೆ ಏರಿಸಿ ಲಾಕ್ ಪಿನ್ ಹಾಕಿ. ಎಣ್ಣೆಯ ಒತ್ತಡವೊಂದನ್ನೇ ನಂಬಿ ಚಕ್ರ ಬಿಚ್ಚಕೂಡದು, ಸೀಲ್ ಸೋರಿದರೆ ಗಾಡಿ ನಿಧಾನವಾಗಿ ಕುಸಿಯುತ್ತದೆ. ಹಿಂದಿನ ಚಕ್ರ ತೆಗೆದಾಗ ಭಾರ ಮುಂದಕ್ಕೆ ವಾಲುತ್ತದೆ ಎಂಬುದೂ ನೆನಪಿರಲಿ. ಹ್ಯಾಂಡಲ್ ಕಡೆಯ ಫ್ರೇಮಿನ ಕೆಳಗೆ ಒಂದು ಆಸರೆ ಕೊಡಿ.

ಪ್ರಶ್ನೆ: ನನ್ನ ಸಾಫ್ಟೇಲ್ (ಫ್ಯಾಟ್ ಬಾಯ್ ಕೂಡ ಸೇರುವ ಹಾರ್ಲೆ ಸರಣಿ) 2018ಕ್ಕಿಂತ ಹಳೆಯದು. ಇದೇ ಕ್ರಮ ಸಾಕೇ?
– ಮಂಗಳೂರಿನ ಓದುಗರು

ಉತ್ತರ: ಕ್ರಮ ಅದೇ, ಜಾಗ ಮಾತ್ರ ನೋಡಿಕೊಳ್ಳಿ. 2017ರವರೆಗಿನ ಸಾಫ್ಟೇಲ್‌ಗಳಲ್ಲಿ ಎರಡು ಶಾಕ್ ಅಬ್ಸಾರ್ಬರ್‌ಗಳು ಗೇರ್‌ಬಾಕ್ಸಿನ ಕೆಳಗೆ ಗಾಡಿಯ ಉದ್ದಕ್ಕೆ ಮಲಗಿರುತ್ತವೆ. (2018ರಿಂದ ಸೀಟಿನ ಕೆಳಗೆ ಒಂದೇ ಶಾಕ್.) ಜ್ಯಾಕ್ ಅವುಗಳಿಗೆ ಒತ್ತಿದರೆ ಶಾಕ್ ಹಾಳು, ಹಿಡಿತವೂ ಇಲ್ಲ. ಫ್ರೇಮಿನ ಕೊಳವೆಗಳಿಗೆ ನೇರವಾಗಿ ಸಿಗುವಂತೆ ಜ್ಯಾಕಿನ ತಲೆಯ ಪ್ರತಿ ಪಟ್ಟಿಯ ಮೇಲೂ ಗಟ್ಟಿಮರದ ತುಂಡು ಬೋಲ್ಟ್ ಮಾಡಿ, ಮೇಲೆ ರಬ್ಬರ್ ಅಂಟಿಸಿ. ಮರದ ದಪ್ಪದಷ್ಟೇ ಚಕ್ರದ ಹಲಗೆಗಳನ್ನೂ ಹೆಚ್ಚಿಸಬೇಕು.

ಪ್ರಶ್ನೆ: ಕಾರಿನ ಸಿಸರ್ ಜ್ಯಾಕ್ (ಸ್ಕ್ರೂ ತಿರುಗಿಸಿ ಎತ್ತುವಂಥದ್ದು) ಸಾಲದೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಕ್ರೂಸರಿನ ಪೂರ್ತಿ ಭಾರಕ್ಕೆ ಬೇಡವೇ ಬೇಡ. ಅದರ ತಲೆ ಅಂಗೈಯಷ್ಟೂ ಅಗಲವಿಲ್ಲ. ಗಾಡಿ ಪಕ್ಕಕ್ಕೆ ಮಗುಚುತ್ತದೆ. ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350ನಂಥ ಮೇನ್ ಸ್ಟ್ಯಾಂಡ್ ಇರುವ ಗಾಡಿಯಲ್ಲಿ ಹಿಂದಿನ ಚಕ್ರಕ್ಕೆ ಜ್ಯಾಕಿನ ಅಗತ್ಯವೇ ಬೀಳದು. ಮುಂದಿನ ಚಕ್ರಕ್ಕಾದರೆ ಮೇನ್ ಸ್ಟ್ಯಾಂಡ್ ಹಾಕಿ, ಫ್ರೇಮಿನ ಮುಂಭಾಗಕ್ಕೆ ಮರದ ತುಂಡಿಟ್ಟು, ಟೈರ್ ನೆಲ ಬಿಡುವಷ್ಟು ಮಾತ್ರ ಸಿಸರ್ ಜ್ಯಾಕ್ ತಿರುಗಿಸಬಹುದು.