ಮಳೆಗಾಲದ ಬೂಸ್ಟು: ಮೊದಲು ಇನ್ಕ್ಯುಬೇಟರಿನ ನೀರಿನ ತಟ್ಟೆ ನೋಡಿ

ಜೂನ್ ಶುರುವಾದ ಮೇಲೆ ಮೂರು ಸಲ ಲ್ಯಾಬಿನಲ್ಲಿ ಬೆಳೆಸುವ ಹೀಲಾ ಕೋಶಗಳ (ಮನುಷ್ಯನ ಕ್ಯಾನ್ಸರ್ ಕೋಶಗಳು) ಫ್ಲಾಸ್ಕ್‌ಗೆ ಬೂಸ್ಟು ಬಂತು, ಪೆನ್‌ಸ್ಟ್ರೆಪ್ (ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ಗಳ ಮಿಶ್ರಣ) ಜಾಸ್ತಿ ಹಾಕಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ. ಅದು ಬ್ಯಾಕ್ಟೀರಿಯಾಗೆ ಮಾತ್ರ, ಬೂಸ್ಟಿಗೆ ಏನೂ ಆಗುವುದಿಲ್ಲ. ಬೂಸ್ಟಿಗೆ ಹಾಕುವ ಔಷಧಿ ಆಂಫೊಟೆರಿಸಿನ್, ಆದರೆ ಅದು ಜಾಸ್ತಿಯಾದರೆ ಕೋಶಗಳಿಗೇ ಪೆಟ್ಟು.

ನಾನೂ ಮಂಗಳೂರಿನಲ್ಲೇ ಕೆಲಸ ಮಾಡುವುದು. ಇಲ್ಲಿನ ಮಳೆಗಾಲ ಗೊತ್ತಲ್ವಾ, ಚಪ್ಪಲಿ, ಬೆಲ್ಟು, ಬಾಗಿಲ ಹಿಂದೆ ನೇತುಹಾಕಿದ ಕೋಟು, ಯಾವುದನ್ನೂ ಬಿಡುವುದಿಲ್ಲ. ಒಂದು ಜುಲೈನಲ್ಲಿ ನಮ್ಮ ನಾಲ್ಕು ಫ್ಲಾಸ್ಕ್ ಹೋದವು. ಸುಮ್ನೆ ಹುಡ್ (ಸೋಸಿದ ಗಾಳಿ ಬರುವ ಕೆಲಸದ ಕಪಾಟು) ಮೇಲೆ ಅನುಮಾನಪಟ್ಟೆವು. ಕೊನೆಗೆ, ಕೋಶಗಳನ್ನು ಬೆಚ್ಚಗಿಡುವ ಇನ್ಕ್ಯುಬೇಟರಿನಲ್ಲಿ ತೇವಕ್ಕೆಂದು ಇಡುವ ನೀರಿನ ತಟ್ಟೆ ಹೊರಗೆಳೆದರೆ, ಅಂಚಿನಲ್ಲಿ ಬೆರಳಿಗೆ ಅಂಟುವ ಲೋಳೆ! 37 ಡಿಗ್ರಿ, ಸದಾ ತೇವ, ಬೂಸ್ಟಿಗೆ ಇನ್ನೇನು ಬೇಕು? ವಾರಕ್ಕೊಮ್ಮೆ ತಟ್ಟೆ ತೊಳೆದು, ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಂದ) ಡಿಸ್ಟಿಲ್ಡ್ ನೀರು ತುಂಬಿ. ಬಾಟಲಿ ಬೆಚ್ಚಗೆ ಮಾಡುವ ವಾಟರ್ ಬಾತ್‌ಗೂ ಇದೇ ಮಾತು. ಮೀಡಿಯಾ (ಕೋಶಗಳ ಆಹಾರದ ದ್ರಾವಣ) ಬಾಟಲಿಯ ಕುತ್ತಿಗೆ ಅದರಲ್ಲಿ ಮುಳುಗಬಾರದು. ಹೊರಗೆ ತೆಗೆದ ಮೇಲೆ ಶೇ. 70ರ ಎಥನಾಲ್ ಹಾಕಿ ಚೆನ್ನಾಗಿ ಒರೆಸಿ. ಬರೀ ಸಿಂಪಡಿಸಿದರೆ ಬೂಸ್ಟಿನ ಬೀಜಕಣ ಸಾಯುವುದಿಲ್ಲ, ಒರೆಸಿಯೇ ತೆಗೆಯಬೇಕು. ರಟ್ಟಿನ ಪೆಟ್ಟಿಗೆಯಂತೂ ಕಲ್ಚರ್ ರೂಮಿನೊಳಗೆ ಬೇಡವೇ ಬೇಡ.

ಇನ್ನೊಂದು ವಿಷಯ. ಸದಾ ಆ್ಯಂಟಿಬಯಾಟಿಕ್‌ನಲ್ಲೇ ಬೆಳೆಸಿದರೆ ಸಣ್ಣ ಸೋಂಕು ಮುಚ್ಚಿಹೋಗುತ್ತದೆ. ಮೈಕೋಪ್ಲಾಸ್ಮಾ ಅನ್ನುವ ಅತಿ ಸಣ್ಣ ಬ್ಯಾಕ್ಟೀರಿಯಾಗೆ ಕೋಶಭಿತ್ತಿಯೇ ಇಲ್ಲ, ಹಾಗಾಗಿ ಕೋಶಭಿತ್ತಿಗೆ ಹೊಡೆಯುವ ಪೆನಿಸಿಲಿನ್ ತಾಗುವುದಿಲ್ಲ. ಮೀಡಿಯಾ ಕಲಕುವುದೂ ಇಲ್ಲ, ಹಾಗಾಗಿ ಕಣ್ಣಿಗೆ ಗೊತ್ತಾಗುವುದಿಲ್ಲ. ಒಮ್ಮೆ ಪಿಸಿಆರ್ (ಅದರ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಿಬಿಡಿ.

ಈಗಿರುವ ಫ್ಲಾಸ್ಕಿನ ಮುಚ್ಚಳ ದಯವಿಟ್ಟು ತೆರೆಯಬೇಡಿ. ಹಾಗೇ ಚೀಲಕ್ಕೆ ಹಾಕಿ ಆಟೋಕ್ಲೇವ್ ಮಾಡಿ. ತಟ್ಟೆ, ಶೆಲ್ಫ್ ಎಲ್ಲ ತೊಳೆದಾದ ಮೇಲೆ ಲಿಕ್ವಿಡ್ ನೈಟ್ರೋಜನ್‌ನಲ್ಲಿರುವ ಹಳೆಯ ಕೋಶಗಳ ವಯಲ್ (ಸಣ್ಣ ಸೀಸೆ) ತೆಗೆದು ಹೊಸದಾಗಿ ಶುರುಮಾಡಿ.