‘ಬಾಲೂ ತಮ್ಮ’ದಂತಹ ದಪ್ಪ ಅಲಂಕಾರಿಕ ಅಕ್ಷರಶೈಲಿಯನ್ನು ಎಲ್ಲಿ ಬಳಸಬೇಕು?

ಶೀರ್ಷಿಕೆ, ಭಿತ್ತಿಪತ್ರ, ಮಕ್ಕಳ ಪುಸ್ತಕದ ಮುಖಪುಟಗಳಲ್ಲಿ ಬಳಸಿ, ಪಠ್ಯಭಾಗಕ್ಕೆ ಬೇಡ. ಎಕ್ ಟೈಪ್ ಸಂಸ್ಥೆ ರೂಪಿಸಿದ, ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ದೊರೆಯುವ ಈ ಶೈಲಿಗೆ ತೆಲುಗಿನಲ್ಲಿ ‘ತಮ್ಮುಡು’, ತಮಿಳಿನಲ್ಲಿ ‘ತಂಬಿ’ ಎಂಬ ಒಡಹುಟ್ಟುಗಳಿವೆ. ಹೆಸರಿಟ್ಟವರ ತುಂಟತನ ಮೆಚ್ಚತಕ್ಕದ್ದೇ.

ಕನ್ನಡದ ದುಂಡನೆಯ ತಿರುವುಗಳು ಇಂತಹ ದಪ್ಪ ಗೆರೆಗೆ ಸಹಜವಾಗಿ ಒಗ್ಗುತ್ತವೆಯಾದರೂ, ಗೆರೆ ದಪ್ಪವಾದಷ್ಟೂ ಅಕ್ಷರದೊಳಗಿನ ಬಿಳಿ ಜಾಗ ಕಿರಿದಾಗುವುದರಿಂದ, ‘ದ’ಕಾರವನ್ನು ‘ಧ’ಕಾರದಿಂದಲೂ ‘ಡ’ಕಾರವನ್ನು ‘ಢ’ಕಾರದಿಂದಲೂ ಬೇರ್ಪಡಿಸುವ ತಳದ ಪುಟ್ಟ ಸೀಳು ಸಣ್ಣ ಗಾತ್ರದಲ್ಲಿ ಮೊದಲು ಮುಚ್ಚಿಹೋಗುತ್ತದೆ. ‘ರಾಷ್ಟ್ರ’ದಂತಹ ಪದಗಳಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರವನ್ನು ಧಾರಾಳವಾಗಿ ಇಡಬೇಕು. ತೆಳುವಾದ ರೂಪವೇ ಬೇಕಿದ್ದರೆ, ಐದು ತೂಕಗಳಲ್ಲಿ (ಗೆರೆಯ ದಪ್ಪದ ಹಂತಗಳಲ್ಲಿ) ಸಿಗುವ ‘ಬಾಲೂ ತಮ್ಮ 2’ ಇದೆ. ಪಕ್ಕದ ಪಠ್ಯಕ್ಕೆ ಮಾತ್ರ ಸರಳವಾದ ಬೇರೊಂದು ಶೈಲಿಯೇ ಲೇಸು.