ರೂಟ್ ಕೆನಾಲ್ ಆಗಿ ನೋವು ಹೋಗಿದೆ, ಆದರೂ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಲೇಬೇಕಾ?

ಹಾಕಿಸಿ. ದವಡೆ ಹಲ್ಲು ಅಂದಮೇಲೆ ಬೇಗ ಹಾಕಿಸಿ.

ಬಲಗಡೆ ಕೆಳದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿ ಮೂರು ತಿಂಗಳಾಯ್ತು, ನೋವು ಪೂರ್ತಿ ನಿಂತಿದೆ, ಮೇಲೆ ಬರೀ ತಾತ್ಕಾಲಿಕ ಫಿಲ್ಲಿಂಗ್ ಇದೆ, ಈಗ ಡಾಕ್ಟರ್ ಕ್ಯಾಪ್ ಅಂತಿದ್ದಾರೆ, ಇದು ನಿಜವಾಗಲೂ ಬೇಕಾ ಅಥವಾ ಬಿಲ್ ಜಾಸ್ತಿ ಮಾಡೋಕೆ ಹೇಳ್ತಿರೋದಾ, ಹಾಕಿಸಿದರೆ ಯಾವುದು ಹಾಕಿಸೋದು ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ದಾವಣಗೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುವವಳು. ಆದರೆ ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಏಳು ತಿಂಗಳು ಕೂತಿದ್ದೆ, ಕೊನೆಗೆ ಹಲ್ಲು ಮುರಿದುಕೊಂಡೆ. ಆಗ ಯಾರಾದರೂ ನನಗೆ ಬಿಡಿಸಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಬಹಳ ಸಲ ಅನ್ನಿಸಿದೆ. ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತಿದ್ದೀನಿ.

ನನ್ನದು ಎಡಗಡೆ ಕೆಳಗಿನದು. ಆರನೇ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಹುಟ್ಟುತ್ತದಲ್ಲ, ಆ ಮೊದಲ ದೊಡ್ಡ ದವಡೆ ಹಲ್ಲು. ಹುಳುಕು ಒಳಗಿನ ನರದವರೆಗೆ ಇಳಿದು, ಮೂರು ರಾತ್ರಿ ನಿದ್ದೆಗೆಟ್ಟು, ರೂಟ್ ಕೆನಾಲ್ ಮಾಡಿಸಿದೆ. ಮುಗಿದ ದಿನ ಡಾಕ್ಟರ್, "ಟೀಚರ್, ಎರಡು ವಾರ ಬಿಟ್ಟು ಬನ್ನಿ, ಕ್ಯಾಪ್‌ಗೆ ಅಳತೆ ತಗೋಬೇಕು" ಅಂದಿದ್ದರು. ಅಷ್ಟರಲ್ಲಿ ನೋವು ನಿಂತಿತು. ಮಗನ ಪಿಯುಸಿ ಫೀಸು ಬಂತು, ಪೇಪರ್ ತಿದ್ದೋದು ಬಂತು, ನಾದಿನಿ ಮನೆಯ ಗೃಹಪ್ರವೇಶ ಬಂತು. ನೋಯದ ಹಲ್ಲಿಗೆ ಮತ್ತೆ ಸಾವಿರಗಟ್ಟಲೆ ಯಾಕೆ ಸುರಿಯಬೇಕು ಅಂತ ಮುಂದಕ್ಕೆ ಹಾಕುತ್ತಾ ಹೋದೆ.

ಒಂದು ಭಾನುವಾರ ಸಂಜೆ ತಮ್ಮ ಬಂದಿದ್ದ. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದ್ದೆ. ಮಾತಾಡುತ್ತಾ ಅಗಿಯುವಾಗ ಟಕ್ ಅಂತ ಒಂದು ಸದ್ದು ಕಿವಿಯೊಳಗೇ ಕೇಳಿಸಿತು. ನೋವು ಒಂಚೂರೂ ಇಲ್ಲ. ಮಂಡಕ್ಕಿಯಲ್ಲಿ ಕಲ್ಲು ಸಿಕ್ಕಿರಬೇಕು ಅಂತ ಅಂಗೈಗೆ ಉಗುಳಿಕೊಂಡು ನೋಡಿದೆ. ತೊಗರಿಬೇಳೆಯಷ್ಟು ದೊಡ್ಡ ಚೂರು, ಒಂದು ಬದಿ ನುಣ್ಣಗೆ ಹೊಳೆಯುತ್ತಿದೆ, ಇನ್ನೊಂದು ಬದಿ ಒರಟು, ಅಂಚಿಗೆ ಫಿಲ್ಲಿಂಗ್ ಅಂಟಿಕೊಂಡು ಬೂದುಬಣ್ಣ. ನಾಲಿಗೆ ತಾಗಿಸಿದರೆ ಬ್ಲೇಡಿನಂಥ ಅಂಚು. ನಾಲಿಗೆ ಬದಿಯ ಗೋಡೆ ಪೂರ್ತಿ ಕಳಚಿ ಬಂದಿತ್ತು.

ನೋವಿಲ್ಲ ಅಂದರೆ ಹಲ್ಲು ಗಟ್ಟಿಯಾಗಿದೆ ಅಂದುಕೊಂಡಿದ್ದೇ ನನ್ನ ತಪ್ಪು. ರೂಟ್ ಕೆನಾಲ್‌ನಲ್ಲಿ ಹಲ್ಲಿನೊಳಗಿನ ನರ, ರಕ್ತನಾಳ ಇರುವ ಮೆತ್ತನೆಯ ತಿರುಳನ್ನೇ ತೆಗೆದುಬಿಡುತ್ತಾರೆ. ಬೇರಿನೊಳಗಿನ ಸಣ್ಣ ಕೊಳವೆಗಳನ್ನು ಶುಚಿ ಮಾಡಿ, ರಬ್ಬರಿನಂಥ ಪದಾರ್ಥ ತುಂಬಿ ಮುಚ್ಚುತ್ತಾರೆ. ಅಂದಮೇಲೆ ನೋವು ತಿಳಿಸಬೇಕಾದ ನರವೇ ಆ ಹಲ್ಲಿನೊಳಗೆ ಇಲ್ಲ. ಮತ್ತೆ ಹುಳುಕು ಹಿಡಿದರೂ ಝುಂ ಅನ್ನಲ್ಲ, ಸಣ್ಣ ಬಿರುಕು ಬಿಟ್ಟರೂ ತಣ್ಣೀರು ಕುಡಿದಾಗ ಚಳುಕು ಬರಲ್ಲ. ಸುತ್ತಲಿನ ಎಲುಬಿಗೆ ಸೋಂಕು ತಗುಲಿದಾಗಲೋ, ಹಲ್ಲು ಮುರಿದು ಬಾಯಿಗೆ ಬಂದಾಗಲೋ ಮಾತ್ರ ಗೊತ್ತಾಗುತ್ತದೆ.

ಅದರ ಜೊತೆಗೆ ಹಲ್ಲು ಟೊಳ್ಳೂ ಆಗಿರುತ್ತದೆ. ಹುಳುಕು ತಿಂದಿದ್ದು ಒಂದಿಷ್ಟು, ನರ ತಲುಪಲು ಡಾಕ್ಟರ್ ಮೇಲಿನಿಂದ ಕೊರೆದಿದ್ದು ಇನ್ನೊಂದಿಷ್ಟು. ಉಳಿಯೋದು ಸುತ್ತಲಿನ ಗೋಡೆಗಳು, ನಡುವೆ ತುಂಬಿದ ಸಿಮೆಂಟು. ದವಡೆ ಹಲ್ಲಿನ ಮೇಲೆ ಬೀಳುವ ಭಾರ ಆ ಗೋಡೆಗಳನ್ನು ಹೊರಗಡೆಗೆ ತಳ್ಳುತ್ತಲೇ ಇರುತ್ತದೆ, ದಿನಕ್ಕೆ ನೂರಾರು ಸಲ.

ಇದನ್ನ ನನಗೆ ಸರಿಯಾಗಿ ಅರ್ಥ ಮಾಡಿಸಿದ್ದು ನಮ್ಮತ್ತೆ. ಡಾಕ್ಟರ್ ಹೇಳಿದ್ದನ್ನು ಮನೆಗೆ ಬಂದು ಹೇಳುತ್ತಿದ್ದಾಗ ಅವರು ಎದ್ದು ಹೋಗಿ ಹಿತ್ತಿಲ ಕೋಣೆಯಿಂದ ಹಳೇ ಒನಕೆ ತಂದರು. ತುದಿಗೆ ಕಬ್ಬಿಣದ ಬಳೆ ಇತ್ತು, ಅಣಸು ಅಂತೀವಲ್ಲ, ಅದು. ಮೇಲೆಲ್ಲ ತುಕ್ಕು, ಬಾಯಿ ಮಾತ್ರ ಕುಟ್ಟಿ ಕುಟ್ಟಿ ಸವೆದು ಮಿರುಗುತ್ತಿತ್ತು. "ಅಣಸು ಇಲ್ಲದ ಒನಕೆ ನಾಕು ದಿನದಾಗ ಸೀಳಿ ಹೋಗ್ತತಿ. ನಿನ್ನ ಹಲ್ಲಿಗೂ ಅದನ್ನೇ ಹಾಕ್ತಾರ ಬಿಡವ್ವ" ಅಂದರು. ಮುಂದಿನ ಸಲ ಡಾಕ್ಟರಿಗೆ ಇದನ್ನ ಹೇಳಿದೆ. ಅವರು, ನಿಮ್ಮತ್ತೆ ಹೇಳಿದ್ದು ನೂರಕ್ಕೆ ನೂರು ಸರಿ, ಕ್ಯಾಪ್ ಸುತ್ತಲೂ ಹಿಡಿದುಕೊಳ್ಳಬೇಕಾದರೆ ಒಸಡಿನ ಮೇಲೆ ಸುಮಾರು 2 ಮಿಲಿಮೀಟರ್‌ನಷ್ಟಾದರೂ ಗಟ್ಟಿ ಹಲ್ಲು ಇರಬೇಕು, ಅದಿಲ್ಲದಿದ್ದರೆ ಎಂಥ ದುಬಾರಿ ಕ್ಯಾಪ್ ಹಾಕಿದರೂ ಅದು ಟೋಪಿಯ ಹಾಗೆ ಮೇಲೆ ಕೂರುತ್ತದೆಯೇ ಹೊರತು ಬಿಗಿ ಹಿಡಿಯಲ್ಲ ಅಂದರು.

ನನಗೆ ತೊಂದರೆಯಾಗಿದ್ದು ಅಲ್ಲೇ. ಗೋಡೆ ಓರೆಯಾಗಿ, ಒಸಡಿನ ಕೆಳಗಿನವರೆಗೆ ಮುರಿದಿತ್ತು. ಉದ್ದಕ್ಕೆ ಬೇರಿನ ತನಕ ಸೀಳಿದ್ದರೆ ಕೀಳದೆ ಬೇರೆ ದಾರಿಯಿಲ್ಲ ಅಂದರು. ಎಕ್ಸ್-ರೇ ನೋಡಿ, ಹಾಗಾಗಿಲ್ಲ ಅನ್ನೋವರೆಗೂ ನನ್ನ ಕೈ ಕಾಲು ತಣ್ಣಗಾಗಿದ್ದವು. ಆ ಬದಿಯ ಒಸಡನ್ನೂ ಅಂಚಿನ ಎಲುಬನ್ನೂ ಸ್ವಲ್ಪ ಕೆತ್ತಿ ಹಲ್ಲಿನ ಅಂಚು ಮೇಲೆ ಕಾಣುವ ಹಾಗೆ ಮಾಡಿದರು. ಅದು ಮಾಯಲು ಕೆಲವು ವಾರ ಕಾದೆವು. ಬೇರಿನೊಳಗೆ ಪೋಸ್ಟ್ ಅಂತ ಒಂದು ಕಡ್ಡಿ ಕೂರಿಸಿ, ಅದರ ಆಸರೆಯಲ್ಲಿ ಹಲ್ಲಿನ ಒಡಲು ಕಟ್ಟಿದರು. ಆಮೇಲೆ ಕ್ಯಾಪ್. ಸಮಯಕ್ಕೆ ಹೋಗಿದ್ದರೆ ಎರಡು ಭೇಟಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಏಳು ಸಲ ಹೋದೆ, ಖರ್ಚು ಎರಡರಷ್ಟಾಯ್ತು.

ನಿಮ್ಮ ಅನುಮಾನದ ಬಗ್ಗೆ ಒಂದು ಮಾತು. ಕ್ಯಾಪ್ ಎಲ್ಲ ಹಲ್ಲಿಗೂ ಬೇಕಾಗಲ್ಲ. ಸಣ್ಣ ಹುಳುಕಿರುವ, ಜೀವ ಇರುವ ಹಲ್ಲಿಗೆ ಫಿಲ್ಲಿಂಗ್ ಸಾಕು. ಅಂಥದಕ್ಕೂ ಸುತ್ತ ತೇದು ಕ್ಯಾಪ್ ಹಾಕ್ತೀವಿ ಅಂದರೆ ಖಂಡಿತ ಇನ್ನೊಬ್ಬರನ್ನು ಕೇಳಿ. ಯಾಕಂದರೆ ತೇದ ಎನಾಮಲ್ ಮತ್ತೆ ಬೆಳೆಯಲ್ಲ, ತೇಯುವಾಗಿನ ಪೆಟ್ಟಿಗೆ ಕೆಲವು ಸಲ ನರ ಸತ್ತು ರೂಟ್ ಕೆನಾಲ್ ಮಾಡಿಸೋ ಹಾಗೂ ಆಗುತ್ತದೆ. ಮುಂದಿನ ಹಲ್ಲು ರೂಟ್ ಕೆನಾಲ್ ಆಗಿದ್ದರೂ ಹೆಚ್ಚು ಹಾಳಾಗಿರದಿದ್ದರೆ ಎಷ್ಟೋ ಸಲ ಕ್ಯಾಪ್ ಇಲ್ಲದೆ ನಡೆಯುತ್ತದೆ. ಅದರ ಮೇಲೆ ಅಗಿಯುವ ಭಾರ ಅಷ್ಟಾಗಿ ಬೀಳಲ್ಲ. ನಿಮ್ಮದು ದವಡೆ ಹಲ್ಲು, ನರ ತೆಗೆದದ್ದು. "ಡಾಕ್ಟ್ರೇ, ಎಕ್ಸ್-ರೇ ತೋರಿಸಿ, ಎಷ್ಟು ಗೋಡೆ ಉಳಿದಿವೆ?" ಅಂತ ಕೇಳಿ. ಒಳ್ಳೆಯ ಡಾಕ್ಟರ್ ಖುಷಿಯಿಂದ ತೋರಿಸುತ್ತಾರೆ.

ಈಗ ಏನು ಮಾಡ್ತಾರೆ ಅನ್ನೋದು. ನರ ಇಲ್ಲದಿದ್ದರೂ ಒಸಡು ನೋಯದಿರಲಿ ಅಂತ ಇಂಜೆಕ್ಷನ್ ಕೊಟ್ಟರು. ಹಲ್ಲಿನ ಸುತ್ತಲೂ ಮೇಲೂ ಒಂದರಿಂದ ಎರಡು ಮಿಲಿಮೀಟರ್ ತೇಯುತ್ತಾರೆ, ಕ್ಯಾಪಿನ ದಪ್ಪಕ್ಕೆ ಜಾಗ ಬೇಕಲ್ಲ. ಆಮೇಲೆ ಒಸಡಿನ ಸಂದಿಗೆ ಹೊಲಿಗೆ ದಾರದಂಥ ತೆಳು ಎಳೆಯೊಂದನ್ನು ಸುತ್ತಲೂ ಒತ್ತಿ ಕೂರಿಸಿದರು, ಒಸಡು ಹಿಂದಕ್ಕೆ ಸರಿದು ಹಲ್ಲಿನ ಅಂಚು ಅಚ್ಚಿನಲ್ಲಿ ಸ್ಪಷ್ಟವಾಗಿ ಮೂಡಲಿ ಅಂತ. ಆ ಅಂಚು ಬಹಳ ಮುಖ್ಯ. ಲ್ಯಾಬಿನವರು ಕ್ಯಾಪ್ ಮಾಡೋದು ಆ ಗೆರೆ ನೋಡಿಕೊಂಡೇ. ಕೆಲವು ಕಡೆ ಮೇಣದ ಹಿಟ್ಟಿನಂಥ ಪೇಸ್ಟು ತುಂಬಿದ ತಟ್ಟೆ ಕಚ್ಚಿಸಿ ಅಚ್ಚು ತೆಗೆಯುತ್ತಾರೆ, ಕೆಲವು ಕಡೆ ಪೆನ್ನಿನ ಥರದ ಸ್ಕ್ಯಾನರ್ ಆಡಿಸುತ್ತಾರೆ. ಬಣ್ಣದ ಪಟ್ಟಿಯನ್ನು ಪಕ್ಕದ ಹಲ್ಲಿಗೆ ಹಿಡಿದು ಹೊಂದಿಸುತ್ತಾರೆ. ಕಿಟಕಿ ಬೆಳಕಿನಲ್ಲಿ ನೋಡಿ ಅಂತ ನೀವೇ ಕೇಳಿ, ಟ್ಯೂಬ್‌ಲೈಟಿನಲ್ಲಿ ಬಣ್ಣ ಬೇರೆಯೇ ಕಾಣುತ್ತದೆ. ಲ್ಯಾಬಿನಿಂದ ಬರೋದಕ್ಕೆ ವಾರ ಹತ್ತು ದಿನ. ಅಲ್ಲಿಯವರೆಗೆ ತಾತ್ಕಾಲಿಕ ಕ್ಯಾಪ್ ಇರುತ್ತದೆ. ಆ ಬದಿಯಲ್ಲಿ ಚಿಕ್ಕಿ, ಅಂಟುಂಡೆ, ಚೂಯಿಂಗ್ ಗಮ್ ಬೇಡ. ನನ್ನದು ಹೋಳಿಗೆ ತಿನ್ನುವಾಗ ಎದ್ದುಬಂತು, ಮಾರನೇ ದಿನವೇ ಹೋಗಿ ಮತ್ತೆ ಅಂಟಿಸಿಕೊಂಡು ಬಂದೆ.

ಕ್ಯಾಪ್ ಕೂರಿಸುವ ದಿನ ಅವಸರ ಮಾಡಬೇಡಿ. ಇದನ್ನ ನಾನು ಒತ್ತಿ ಹೇಳ್ತೀನಿ. ತೆಳ್ಳನೆಯ ನೀಲಿ ಕಾಗದ ಇಟ್ಟು "ಕಚ್ಚಿ, ಬಿಡಿ, ಅತ್ತಿತ್ತ ಉಜ್ಜಿ" ಅಂತಾರೆ. ಎತ್ತರ ಇರುವ ಕಡೆ ನೀಲಿ ಚುಕ್ಕೆ ಗಾಢವಾಗಿ ಬೀಳುತ್ತದೆ, ಅದನ್ನ ತೇಯುತ್ತಾರೆ. ನನಗೆ ಇಂಜೆಕ್ಷನ್ನಿನ ಜೋಮು ಇನ್ನೂ ಇತ್ತು, ಹೊರಗೆ ಸ್ಕೂಟಿ ಸ್ಟಾರ್ಟ್ ಮಾಡಿ ಮಗ ಕಾಯುತ್ತಿದ್ದ, ಸರಿಯಾಗಿದೆ ಅಂದುಬಿಟ್ಟೆ. ರಾತ್ರಿ ಊಟಕ್ಕೆ ಕೂತರೆ ಬಾಯಿ ಮುಚ್ಚಿದಾಗ ಆ ಹಲ್ಲೊಂದೇ ಮೊದಲು ತಾಗುತ್ತಿತ್ತು, ಅನ್ನದಲ್ಲಿ ಒಂದು ಕಾಳು ಸಿಕ್ಕಿಕೊಂಡ ಹಾಗೆ. ಅಭ್ಯಾಸವಾಗುತ್ತೆ ಬಿಡು ಅಂತ ನಾಲ್ಕು ದಿನ ಸಹಿಸಿದೆ. ಐದನೇ ದಿನ ಕಿವಿಯವರೆಗೆ ನೋವು. ಹೋಗಿ ತೋರಿಸಿದರೆ ಎರಡು ನಿಮಿಷದ ಕೆಲಸ, ಎರಡು ಚುಕ್ಕೆ ತೇದರು, ಸಂಜೆಗೆ ಹಗುರ. ಹೊಸ ಕ್ಯಾಪ್ ಇದೆ ಅನ್ನೋ ಅರಿವು ನಾಲ್ಕು ದಿನ ಇರಬಹುದು, ಎತ್ತರ ಇರಕೂಡದು.

ಯಾವುದು ಹಾಕಿಸೋದು ಅಂದರೆ, ನನಗೆ ಹೇಳಿದ ದರ ಹೀಗಿತ್ತು: ಒಳಗೆ ಲೋಹ, ಮೇಲೆ ಪಿಂಗಾಣಿ ಇರೋದು 4,000 ರೂಪಾಯಿ, ಜಿರ್ಕೋನಿಯಾ, ಅಂದರೆ ಲೋಹವಿಲ್ಲದ ಪಿಂಗಾಣಿಯಂಥ ಪದಾರ್ಥದ್ದು, 9,000. ಪೂರ್ತಿ ಲೋಹದ್ದು ಇನ್ನೂ ಕಡಿಮೆ. ಊರು, ಡಾಕ್ಟರ್, ಲ್ಯಾಬು ನೋಡಿ ಇದು ಬಹಳ ಬದಲಾಗುತ್ತದೆ. ಲೋಹದ್ದು ಬಣ್ಣಕ್ಕೆ ಮಾತ್ರ ಚೆನ್ನಾಗಿಲ್ಲ, ಬಾಳಿಕೆಗೆ ಬಹಳ ಒಳ್ಳೆಯದು, ಹಲ್ಲನ್ನೂ ಕಡಿಮೆ ತೇಯಬೇಕಾಗುತ್ತದೆ. ಕೊನೆಯ ದವಡೆ ಹಲ್ಲಿಗೆ ಧಾರಾಳವಾಗಿ ಹಾಕಿಸಬಹುದು. ಆದರೆ ಗಿಲೀಟಿನ ಓಲೆ ಹಾಕಿದರೆ ಕಿವಿ ಕೆರೆಯುವವರು ನೀವಾಗಿದ್ದರೆ ಮೊದಲೇ ಹೇಳಿ, ಕೆಲವು ಲೋಹದ ಕ್ಯಾಪುಗಳಲ್ಲಿ ನಿಕ್ಕಲ್ ಇರುತ್ತದೆ. ಲೋಹದ ಮೇಲಿನ ಪಿಂಗಾಣಿ ವರ್ಷಗಳಾದ ಮೇಲೆ ಚಕ್ಕೆ ಏಳಬಹುದು, ಒಸಡು ಸರಿದರೆ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಜಿರ್ಕೋನಿಯಾ ಹಲ್ಲಿನ ಬಣ್ಣದ್ದೇ, ತುಂಬಾ ಗಟ್ಟಿ. ನಾನು ಅದನ್ನೇ ಹಾಕಿಸಿದೆ. ಹಣದ ಅಡಚಣೆ ಇದ್ದರೆ ಜಿರ್ಕೋನಿಯಾಗೆ ದುಡ್ಡು ಕೂಡಲಿ ಅಂತ ಆರು ತಿಂಗಳು ಕಾಯಬೇಡಿ, ಕಡಿಮೆಯದನ್ನೇ ಈಗಲೇ ಹಾಕಿಸಿ. ಅಂಚು ಸರಿಯಾಗಿ ಕೂತ ಲೋಹದ ಕ್ಯಾಪು, ಅಂಚು ಬಿಟ್ಟುಕೊಂಡ ಜಿರ್ಕೋನಿಯಾಗಿಂತ ಎಷ್ಟೋ ಮೇಲು. ವಾರಂಟಿ ಕಾರ್ಡು ನೋಡಿ ಮರುಳಾಗಬೇಡಿ, ಸಾಮಾನ್ಯವಾಗಿ ಅದು ಕ್ಯಾಪ್ ಒಡೆದರೆ ಮಾತ್ರ. ಕೆಳಗಿನ ಹಲ್ಲು ಹುಳುಕಾದರೆ ಅದಕ್ಕೆ ಲೆಕ್ಕವಿಲ್ಲ.

ಡೆಂಟಲ್ ಕಾಲೇಜುಗಳನ್ನೂ ಮರೆಯಬೇಡಿ. ನಮ್ಮ ದಾವಣಗೆರೆಯಲ್ಲೇ ಬಾಪೂಜಿ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಅಂತ ಎರಡಿವೆ, ಬೆಂಗಳೂರಿನ ಕೋಟೆ ಹತ್ತಿರ ಸರ್ಕಾರಿ ಕಾಲೇಜಿದೆ, ಧಾರವಾಡ, ಮಣಿಪಾಲ, ಮಂಗಳೂರಿನಲ್ಲೂ ಇವೆ. ಇಂಥ ಕಡೆ ಕಲಿಯುವ ಹುಡುಗ ಹುಡುಗಿಯರು ಪ್ರೊಫೆಸರ್‌ಗಳ ಕಣ್ಣೆದುರು ಮಾಡುತ್ತಾರೆ. ಹೊತ್ತು ಹಿಡಿಯುತ್ತದೆ, ಓಡಾಟ ಜಾಸ್ತಿ, ಖರ್ಚು ಕಡಿಮೆ. ನಮ್ಮ ಶಾಲೆಯ ಆಯಮ್ಮನನ್ನು ಹಾಗೆಯೇ ಕಳಿಸಿದ್ದೆ. ಆ ಕ್ಯಾಪ್‌ನಿಂದ ಈಗ ಮೂರು ವರ್ಷದಿಂದ ರೊಟ್ಟಿ ತಿನ್ನುತ್ತಿದ್ದಾರೆ.

ಕ್ಯಾಪ್ ಹಾಕಿದ ಮೇಲೆ ಹುಳುಕು ಹಿಡಿಯಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಕ್ಯಾಪಿಗೆ ಹಿಡಿಯಲ್ಲ, ಕ್ಯಾಪು ಹಲ್ಲಿಗೆ ಸೇರುವ ಆ ಗೆರೆಯಲ್ಲಿ ಹಿಡಿಯುತ್ತದೆ, ನರ ಇಲ್ಲದ್ದರಿಂದ ಗೊತ್ತೂ ಆಗಲ್ಲ. ರಾತ್ರಿ ಬ್ರಷ್ ಮಾಡುವಾಗ ಒಸಡಿನಂಚಿಗೆ ಕೂದಲು ತಾಗಲಿ, ಪಕ್ಕದ ಸಂದಿಗೆ ಫ್ಲಾಸ್ ದಾರ ಹಾಕಿ. ಅಲ್ಲಿ ಆಹಾರ ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದರೆ, ಕೆಟ್ಟ ವಾಸನೆ ಬಂದರೆ, ಒತ್ತಿದಾಗ ಅಲುಗಿದರೆ ತೋರಿಸಿ. ಕ್ಯಾಪ್ ಕಳಚಿ ಬಂದರೆ ತೊಳೆದು ಡಬ್ಬಿಯಲ್ಲಿಟ್ಟುಕೊಂಡು ಹೋಗಿ. ದಯವಿಟ್ಟು ಫೆವಿಕ್ವಿಕ್ ಹಾಕಿ ಅಂಟಿಸಿಕೊಳ್ಳಬೇಡಿ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಅದನ್ನೂ ಹೇಳಿ, ರಾತ್ರಿ ಹಾಕಿಕೊಳ್ಳೋಕೆ ಗಾರ್ಡ್ ಮಾಡಿಕೊಡುತ್ತಾರೆ. ಹೀಗೆ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬರೋದು ಸಾಮಾನ್ಯ, ಅದಕ್ಕಿಂತ ಹೆಚ್ಚೂ ಬರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚಿದ್ದು ಆ ತಾತ್ಕಾಲಿಕ ಫಿಲ್ಲಿಂಗ್. ಅದು ಕೆಲವು ವಾರಕ್ಕೆ ಅಂತ ಹಾಕಿದ್ದು, ಮೂರು ತಿಂಗಳಿಗಲ್ಲ. ಸವೆದು ಅಂಚಿನಲ್ಲಿ ಜೊಲ್ಲು ಒಳಗಿಳಿದರೆ ಶುಚಿ ಮಾಡಿದ ಬೇರಿಗೆ ಮತ್ತೆ ಸೋಂಕು ಹೋಗಬಹುದು, ಆಗ ರೂಟ್ ಕೆನಾಲನ್ನೇ ಮತ್ತೆ ಮಾಡಬೇಕಾಗುತ್ತದೆ. ಹಾಗಾಗಿ ಕ್ಯಾಪಿಗೆ ಅಳತೆ ಕೊಡುವ ಮುಂಚೆ ಒಂದು ಹೊಸ ಎಕ್ಸ್-ರೇ ತೆಗೆಸಿ ಬೇರಿನ ತುದಿ ಸರಿಯಿದೆಯಾ ನೋಡಿ ಅಂತ ಡಾಕ್ಟರಿಗೆ ಹೇಳಿ. ನಾಳೆ ಬೆಳಿಗ್ಗೆ ಕ್ಲಿನಿಕ್ ತೆಗೆಯುತ್ತಿದ್ದ ಹಾಗೆ ಫೋನ್ ಮಾಡಿ. ಅಲ್ಲಿಯವರೆಗೆ ಎಡಗಡೆಯಲ್ಲೇ ಅಗಿಯಿರಿ, ಚಕ್ಕುಲಿ, ನಿಪ್ಪಟ್ಟು, ಹುರಿದ ಕಡಲೆ ಮುಟ್ಟಬೇಡಿ.